ಬ್ಯಾಕ್ ಬಸಪ್ಪನವರ ಎಡ ಹೆಗಲು

ಬಸಪ್ಪ ಸರ್ ನಡೆಯುವಾಗ ನಾಲ್ಕಾರು ಹೆಜ್ಜೆಗೊಮ್ಮೆ ಎಡ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು. ಯಾರೋ ಕರೆದರೆಂದಲ್ಲ, ಜೇಬಿನಿಂದ ಏನೋ ಬಿತ್ತೆಂದೂ ಅಲ್ಲ. ಕತ್ತು ಮಾತ್ರ ತಿರುಗುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಜನಜಂಗುಳಿಯಲ್ಲೂ ಹಾಗೆಯೇ, ಮದುವೆ ಮನೆಯಲ್ಲಿ ಕೈ ತೊಳೆಯುವ ಸಾಲಿನಲ್ಲೂ ಹಾಗೆಯೇ. ಮೊದಲ ಸಲ ಅವರ ಜೊತೆ ನಡೆದವರು ಗಾಬರಿಯಾಗಿ ತಾವೂ ತಿರುಗಿ ನೋಡುತ್ತಿದ್ದರು. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗವೇ ಆಗಬೇಕು. ಅದು ಸಿಗದಿದ್ದರೆ ಮೂಲೆಯಲ್ಲಿ ನಿಂತೇ ಕಾಫಿ ಕುಡಿಯುತ್ತಿದ್ದರು. ಈ ಮನುಷ್ಯನಿಗೆ ದಾಯಾದಿಗಳ ಜಗಳವೋ ಪೊಲೀಸ್ ಕೇಸೋ ಇರಬೇಕೆಂದು ನಾನು ಅಂದುಕೊಂಡಿದ್ದೆ. ತಡೆಯಲಾರದೆ ಒಂದು ದಿನ ಕೇಳಿಯೂ ಬಿಟ್ಟೆ, ನಿಮಗೆ ಯಾರದಾದರೂ ಭಯವಿದೆಯಾ ಸರ್ ಎಂದು.

"ಇಲ್ದೇ ಏನು ಮಾರಾಯ್ತಿ!" ಎಂದರು. "ಭಯ ಇಲ್ದೋನು ಫಾರ್ವರ್ಡ್ ಆಡ್ಬೇಕು. ಬ್ಯಾಕ್ ಆಡೋನಿಗೆ ಭಯಾನೇ ಕಣ್ಣು. ಚೆಂಡು ಎದುರಿಗಿರುತ್ತೆ, ಅದು ಎಲ್ರಿಗೂ ಕಾಣ್ಸುತ್ತೆ. ಕಾಣ್ದೇ ಇರೋನು ಬೆನ್ನ ಹಿಂದೆ ಇರ್ತಾನೆ. ಗೋಲು ಹೊಡೆಯೋನು ಅವ್ನೇ."

ನಾನು ಹುಟ್ಟಾ ಪುಕ್ಕಲಿ. ಜಿರಲೆಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎತ್ತುವ ಮೊದಲೇ ಅರ್ಧ ಅತ್ತಿರುತ್ತೇನೆ. ಮನೆಯವರು, ಮೇಷ್ಟರುಗಳು, ಕೊನೆಗೆ ಗಂಡ ಕೂಡ ಧೈರ್ಯ ತಂದುಕೋ ಎಂದೇ ನನಗೆ ಬುದ್ಧಿ ಹೇಳಿದ್ದು. ಹೆದರಿಕೆಯನ್ನು ಹೀಗೆ ಎದೆ ಸೆಟೆಸಿಕೊಂಡು ಹೊಗಳಿದ ಮೊದಲ ಮನುಷ್ಯ ಅವರೇ. ಅವರನ್ನು ಕಂಡರೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಂದಲೇ.

ಭದ್ರಾವತಿಯ ಹಳಬರಿಗೆ ಅವರು ಬ್ಯಾಕ್ ಬಸಪ್ಪ, ಫುಟ್‌ಬಾಲಿನಲ್ಲಿ ಹಿಂದೆ ನಿಂತು ಗೋಲು ತಡೆಯುವವರು. ಪಕ್ಕದ ಹಳ್ಳಿಯ ರೈತರ ಮನೆಯ ಹುಡುಗ. ಆಟ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಯಂತ್ರದ ಮುಂದೆ, ಸಂಜೆ ಕಾರ್ಖಾನೆಯ ಮೈದಾನದಲ್ಲಿ. ಆ ತಂಡದಲ್ಲಿ ತಮಿಳರಿದ್ದರು, ತೆಲುಗರಿದ್ದರು, ಮನೆಯಲ್ಲಿ ಉರ್ದು ಮಾತಾಡುವವರಿದ್ದರು. ಬಸಪ್ಪನವರಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಗೋಲು ಕಾಯುವ ಗೋಲಿ ಮುರುಗೇಶ್ ತಮಿಳು ಮನುಷ್ಯ, ಆಟ ಶುರುವಾದರೆ ಅವರ ಬಾಯಿಂದ ಕನ್ನಡ ಹಾರಿಹೋಗುತ್ತಿತ್ತಂತೆ.

ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ಎದುರಾಳಿ ಎತ್ತರಕ್ಕೆ ಹೊಡೆದ ಚೆಂಡು ನೇರವಾಗಿ ಬಸಪ್ಪನವರ ಹಣೆಗೇ ಬರುತ್ತಿತ್ತು. ಹಿಂದಿನಿಂದ ಮುರುಗೇಶ್ ಗಂಟಲು ಹರಿಯುವಂತೆ "ಅಡಿ! ಅಡಿ!" ಎಂದು ಕೂಗಿದರು. ತಮಿಳಿನಲ್ಲಿ ಅಡಿ ಎಂದರೆ ಹೊಡಿ. ನಮ್ಮ ಬಸಪ್ಪನವರು, ಕೆಳಗೆ ಬಗ್ಗು, ಚೆಂಡು ನಾನು ಹಿಡಿಯುತ್ತೇನೆ ಎನ್ನುತ್ತಿದ್ದಾನೆ ಎಂದುಕೊಂಡು ವಿಧೇಯ ವಿದ್ಯಾರ್ಥಿಯ ಹಾಗೆ ಬಗ್ಗಿದರು. ಚೆಂಡು ಅವರ ತಲೆಯ ಮೇಲಿಂದ ಹಾದು ಗೋಲಿನೊಳಗೆ ಹೋಯಿತು.

"ಏಂಡಾ ಕುನಿಂಜೆ?" ಯಾಕೋ ಬಗ್ಗಿದೆ ಎಂದು ಮುರುಗೇಶ್ ಕೊರಳಪಟ್ಟಿ ಹಿಡಿದರೆ, ಇವರು, "ಅಡಿ ಅಂದೋನು ನೀನೇ ಅಲ್ವೇನೋ!" ಎಂದು ತಿರುಗಿಬಿದ್ದರಂತೆ. ಈ ಕತೆಯನ್ನು ಅವರು ನನಗೆ ಹೇಳಿದಾಗಲೆಲ್ಲ ಎದ್ದು ನಿಂತು ಬಗ್ಗಿ ತೋರಿಸುತ್ತಿದ್ದರು.

ಮಾರನೆಯ ದಿನ ಇಡೀ ತಂಡ ಮೈದಾನದ ಮರದ ಕೆಳಗೆ ಕೂತು ಎಲ್ಲರಿಗೂ ಒಂದೇ ಅರ್ಥ ಕೊಡುವ ಮಾತುಗಳನ್ನು ಹುಡುಕಿತು. ಬೆನ್ನ ಹಿಂದೆ ಎದುರಾಳಿ ಬರುತ್ತಿದ್ದಾನೆ ಎಂದು ಎಚ್ಚರಿಸುವುದಕ್ಕೆ 'ಆಳು' ಎಂದು ಗೊತ್ತಾಯಿತು. ತಮಿಳಿನ ಆಳ್, ಕನ್ನಡದ ಆಳು, ಎರಡೂ ಮನುಷ್ಯನೇ. ತೆಲುಗರನ್ನು ಮಾತ್ರ ಯಾರೂ ಕೇಳಲಿಲ್ಲ. ಮುಂದಿನ ಪಂದ್ಯದಲ್ಲಿ ಮುರುಗೇಶ್ "ಆಳು!" ಎಂದು ಕೂಗಿದಾಗ ಬಸಪ್ಪ ಎಡ ಹೆಗಲ ಮೇಲಿಂದ ತಿರುಗಿದರು. ಅವರದು ಎಡಗಡೆಯ ಬ್ಯಾಕ್ ಜಾಗ, ಮೈದಾನದ ಗೆರೆ ಪಕ್ಕದಲ್ಲೇ. ಗೆರೆಯ ಆಚೆ ಕ್ವಾರ್ಟರ್ಸಿನ ತೆಲುಗು ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೂಗಿದಾಗಲೆಲ್ಲ ಇವರು ತಿರುಗುವುದು, ಅವಳು ನಗುವುದು. ಪಂದ್ಯ ಮುಗಿದ ಮೇಲೆ ಏನು ನಗು ಎಂದು ಜೋರಾಗಿ ಕೇಳಿದರೆ, ತೆಲುಗಿನಲ್ಲಿ ಆಲು ಎಂದರೆ ಹೆಂಡತಿ ಎಂದು ಹೇಳಿ ಓಡಿಹೋದಳಂತೆ.

"ಹಿಂದೆ ಆಳು ಇರ್ಲಿಲ್ಲ ಮಾರಾಯ್ತಿ, ಆಲು ಇದ್ಲು," ಎನ್ನುತ್ತಿದ್ದರು ಬಸಪ್ಪ ಸರ್. ಎಷ್ಟು ಸಲ ಹೇಳಿದರೂ ಈ ಮಾತಿಗೆ ಅವರಿಗೆ ಹೊಸದಾಗಿ ನಗು ಬರುತ್ತಿತ್ತು. ಮುಂದೆ ಅವಳನ್ನೇ ಮದುವೆಯಾದರು, ಹಳ್ಳಿಯ ಮನೆಯವರು ಮದುವೆಗೆ ಬರಲಿಲ್ಲ. ಆ ಹುಡುಗಿಯೇ ಲಕ್ಷ್ಮಮ್ಮ.

ಕಾರ್ಖಾನೆಗೆ ಆಡಿದರು, ರಾಜ್ಯ ತಂಡಕ್ಕೆ ಆಡಿದರು, ಕಲ್ಕತ್ತೆಯವರೆಗೂ ಹೋಗಿ ಬಂದರು. ಆದರೆ ಅವರ ಮನೆಯಲ್ಲಿ ಆಟದ ಒಂದು ಫೋಟೋ ಇರಲಿಲ್ಲ. "ಆಗ್ದೇ ಇರೋ ಗೋಲಿಂದು ಫೋಟೋ ಎಲ್ಲಿಂದ ತೆಗೀತಾರೆ?" ಎಂದು ನಗುತ್ತಿದ್ದರು. ಇದ್ದದ್ದು ಹಣೆಯ ಮೇಲಿನ ಗುರುತು ಒಂದೇ. ಮಳೆಯಲ್ಲಿ ನೆನೆದು ಕಲ್ಲಿನಂತಾದ ಚರ್ಮದ ಚೆಂಡನ್ನು ತಲೆಯಿಂದ ಹೊಡೆದೂ ಹೊಡೆದೂ, ಅದರ ಹೊಲಿಗೆ ತಾಗಿದ ಕಡೆ ಚರ್ಮ ದಪ್ಪಗಾಗಿತ್ತು. "ಎಲ್ರಿಗೂ ಹಣೆಬರಹ ಇರುತ್ತೆ, ನಂದು ಹಣೆಹೊಲಿಗೆ," ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಆಗೆಲ್ಲ ನಾನೂ ನಗುತ್ತಿದ್ದೆ.

ಅವರು ಟೀವಿಗೆ ಬಂದದ್ದು ನಿವೃತ್ತರಾಗಿ, ಕಾರ್ಖಾನೆಯೂ ನಿಂತುಹೋಗಿ, ಕಾಗದನಗರದ ಕ್ವಾರ್ಟರ್ಸುಗಳು ಅರ್ಧಕ್ಕರ್ಧ ಖಾಲಿಯಾದ ಮೇಲೆ. ನಾನು ಶಿವಮೊಗ್ಗದ ಒಂದು ಸಣ್ಣ ಕೇಬಲ್ ಚಾನೆಲ್ಲಿನಲ್ಲಿ ಅಡಿಕೆ ಧಾರಣೆ, ಗಾಜನೂರು ಅಣೆಕಟ್ಟಿನ ನೀರಿನ ಮಟ್ಟ, ಕಾಣೆಯಾದವರ ಪ್ರಕಟಣೆ ಓದುತ್ತಿದ್ದೆ. ಊರಿನಲ್ಲಿ ಫುಟ್‌ಬಾಲ್ ಟೂರ್ನಮೆಂಟ್ ನಡೆಯುತ್ತದೆಂದು ಗೊತ್ತಾದ ಕೂಡಲೇ ನಮ್ಮ ಚಾನೆಲ್ಲಿನ ಯಜಮಾನರಿಗೆ ದೊಡ್ಡ ಚಾನೆಲ್ಲುಗಳಂತೆ ಸ್ಟುಡಿಯೋದಲ್ಲಿ ಕೂತು ವಿಶ್ಲೇಷಣೆ ಮಾಡಿಸುವ ಹುಕಿ ಬಂತು. ಭದ್ರಾವತಿಯಿಂದ ಬಸಪ್ಪನವರನ್ನು ಕರೆಸಿದರು. ಚೆಂಡು ದುಂಡಗಿರುತ್ತದೆ ಎನ್ನುವುದಕ್ಕಿಂತ ಹೆಚ್ಚೇನೂ ತಿಳಿಯದ ನನ್ನನ್ನು ಅವರ ಪಕ್ಕ ಕೂರಿಸಿದರು.

ಸ್ಟುಡಿಯೋ ಎಂದರೆ ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ. ನಮ್ಮ ಬೆನ್ನ ಹಿಂದೆ ಹಸಿರು ಪರದೆ. ಟೀವಿಯಲ್ಲಿ ಅದೇ ಜಾಗದಲ್ಲಿ ಜನ ಕಿಕ್ಕಿರಿದ ಕ್ರೀಡಾಂಗಣ ಕಾಣುತ್ತಿತ್ತು. ಬಸಪ್ಪ ಸರ್ ಬಂದವರೇ ಪರದೆ ಎತ್ತಿ ನೋಡಿದರು.

"ಇದ್ರ ಹಿಂದೆ ಏನಿದೆ?"

"ಏನೂ ಇಲ್ಲ ಸಾರ್, ಒಂದು ಬಾಗ್ಲು," ಎಂದರು ಯಜಮಾನರು.

"ಬಾಗ್ಲು ಇದ್ರೆ ಯಾರಾದ್ರೂ ಬರ್ಬೋದಲ್ಲ?"

ಕ್ಯಾಮೆರಾ ನೋಡಿಕೊಂಡೇ ಮಾತಾಡಬೇಕೆಂದು ಎಷ್ಟು ಹೇಳಿದರೂ ಆಗಲಿಲ್ಲ. ಎರಡು ವಾಕ್ಯ ಆಡುವುದು, ಕತ್ತು ಎಡಕ್ಕೆ ತಿರುಗಿಸಿ ಪರದೆ ನೋಡುವುದು. ಜನ ನಗುತ್ತಾರೆಂದು ಯಜಮಾನರು ತಲೆ ಚಚ್ಚಿಕೊಂಡರು. ಜನರಿಗೆ ಅದೇ ಇಷ್ಟವಾಯಿತು. ಮನೆಯಲ್ಲಿ ಕೂತವರಿಗೆ, ಈ ಮುದುಕರು ಹಿಂದೆ ಕೂತ ಸಾವಿರಾರು ಜನರನ್ನು ಆಗಾಗ ವಿಚಾರಿಸಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತಂತೆ. ಅವರ ಮಾತಿನ ವರಸೆಯೂ ಬೇರೆ. ಗೋಲು ಹೊಡೆದವನ ಸುದ್ದಿಗೇ ಹೋಗುತ್ತಿರಲಿಲ್ಲ. "ಆ ಎಡಗಡೆ ಬ್ಯಾಕ್ ನೋಡು, ಸಂತೆಗೆ ಬಂದೋನ ಹಾಗೆ ನಿಂತಿದ್ದಾನೆ. ಹಿಂದೆ ಒಬ್ಬ ಬರ್ತಾ ಇದ್ದಾನೆ. ಬಂದ, ಬಂದ. ಆಳು! ಆಳು ಕಣೋ!" ಎಂದು ಸ್ಟುಡಿಯೋದ ಟೀವಿಗೇ ಕೂಗುತ್ತಿದ್ದರು. ಅಷ್ಟರಲ್ಲಿ ಗೋಲಾಗಿರುತ್ತಿತ್ತು. ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಆಟೋದವರು ಒಬ್ಬರಿಗೊಬ್ಬರು ಆಳು ಆಳು ಎಂದು ಕೂಗಿಕೊಳ್ಳತೊಡಗಿದರು.

ಮಾರನೆಯ ವರ್ಷದ ಟೂರ್ನಮೆಂಟಿನ ಹೊತ್ತಿಗೆ ಏನೋ ಸರಿಯಿಲ್ಲ ಎಂದು ನನಗೆ ಅನಿಸತೊಡಗಿತು. ಹೇಳಿದ ಕತೆಯನ್ನೇ ಅದೇ ಮಧ್ಯಾಹ್ನ ಮತ್ತೆ ಹೇಳುತ್ತಿದ್ದರು. ಮೈಕನ್ನು ಅಂಗಿಗೆ ಸಿಕ್ಕಿಸುವಾಗ, ಇದಕ್ಕೆ ಏನಂತಾರೆ, ಏನಂತಾರೆ ಎಂದು ತಡಕಾಡುತ್ತಿದ್ದರು. ವಯಸ್ಸಾಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪುಕ್ಕಲರು ಸುಳ್ಳು ಸಮಾಧಾನ ಹೇಳಿಕೊಳ್ಳುವುದರಲ್ಲಿ ಗಟ್ಟಿಗರು.

ಒಂದು ಬೆಳಿಗ್ಗೆ ಲಕ್ಷ್ಮಮ್ಮನವರ ಫೋನು ಬಂತು. ಬಸಪ್ಪ ಸರ್ ಮುಂಜಾನೆಯೇ ಮನೆಯಿಂದ ಹೊರಟಿದ್ದಾರೆ, ಅಲ್ಲಿಗೆ ಬಂದಿದ್ದಾರಾ ಎಂದು. ಕಾರ್ಯಕ್ರಮ ಇದ್ದದ್ದು ಮಧ್ಯಾಹ್ನಕ್ಕೆ. ಬಂದಿರಲಿಲ್ಲ. ಕಾಣೆಯಾದವರ ಪ್ರಕಟಣೆ ಓದಿ ಓದಿ ನನಗೆ ಆ ಪದಗಳೆಲ್ಲ ಬಾಯಿಪಾಠ. ಎತ್ತರ, ಮೈಬಣ್ಣ, ತೊಟ್ಟ ಬಟ್ಟೆ. ಅವು ಒಂದೊಂದಾಗಿ ತಲೆಯೊಳಗೆ ತಾವಾಗಿ ಓದಿಕೊಳ್ಳತೊಡಗಿದವು. ಅಷ್ಟರಲ್ಲಿ ಸಕ್ರೆಬೈಲಿನಿಂದ ಯಾರೋ ಯಜಮಾನರಿಗೆ ಫೋನು ಮಾಡಿ, ನಿಮ್ಮ ಟೀವಿಯ ಆಳು ಅಜ್ಜ ಇಲ್ಲಿ ಹೊಳೆದಂಡೆಯಲ್ಲಿ ಒಬ್ಬರೇ ನಿಂತಿದ್ದಾರೆ ಎಂದರು. ಶಿವಮೊಗ್ಗದಲ್ಲಿ ಇಳಿದವರು ತೀರ್ಥಹಳ್ಳಿ ಬಸ್ಸು ಹತ್ತಿಬಿಟ್ಟಿದ್ದರು.

ನಾನು ಸ್ಕೂಟರಿನಲ್ಲಿ ಹೋಗುವ ಹೊತ್ತಿಗೆ ಆನೆಗಳ ಸ್ನಾನ ಮುಗಿಯುತ್ತಿತ್ತು. ನೋಡಲು ಬಂದವರು ದೂರದಲ್ಲಿ ಗುಂಪಾಗಿದ್ದರು. ಬಸಪ್ಪ ಸರ್ ಮಾತ್ರ ನೀರಿನ ಅಂಚಿನಲ್ಲಿ, ತುಂಗೆಯನ್ನೇ ನೋಡುತ್ತಾ ನಿಂತಿದ್ದರು. ನೀರಿನಿಂದ ಎದ್ದ ಒಂದು ಆನೆ ದಂಡೆ ಹತ್ತಿ, ಸುತ್ತಿಕೊಂಡು ಅವರ ಬೆನ್ನ ಹಿಂದೆಯೇ ಬರುತ್ತಿತ್ತು. ಮಾವುತ "ಪಕ್ಕಕ್ಕೆ ಬರ್ರೀ ಯಜಮಾನ್ರೇ!" ಎಂದು ಕೂಗುತ್ತಿದ್ದ. ಆನೆಯ ಕಾಲಿಗೆ ಕಟ್ಟಿದ ಸರಪಳಿ ಕಲ್ಲಿನ ಮೇಲೆ ಎಳೆದ ಸದ್ದು ನನಗೆ ಅಷ್ಟು ದೂರದಿಂದಲೇ ಕೇಳುತ್ತಿತ್ತು. ಆನೆ ಬೆನ್ನಿಗೆ ತಾಗುವಷ್ಟು ಹತ್ತಿರ ಬಂತು. ಅವರು ತಿರುಗಲಿಲ್ಲ.

ಆ ಭಯವನ್ನು ಹೇಗೆ ಹೇಳಲಿ? ಆನೆ ತುಳಿಯುತ್ತದೆ ಎಂಬುದಲ್ಲ, ಅದು ಸಾಕಿದ ಆನೆ, ಮಾವುತ ಅದನ್ನು ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಮದುವೆ ಮನೆಯಲ್ಲೂ ಬೆನ್ನ ಹಿಂದೆ ನೋಡುತ್ತಿದ್ದವರು ಆನೆ ಬಂದರೂ ನೋಡಲಿಲ್ಲವಲ್ಲ ಎಂಬುದೇ ನನ್ನ ಭಯ. ಆಳು ಎಂದು ಕೂಗಬೇಕೆಂದು ಬಾಯಿ ತೆರೆದಿದ್ದೆ, ದನಿಯೇ ಬರಲಿಲ್ಲ. ಹತ್ತಿರ ಹೋಗಿ ಕೈ ಹಿಡಿದುಕೊಂಡಾಗ ಅವರು, "ಬಂದ್ಯಾ? ಎಲ್ಲಿ, ಇನ್ನೂ ಯಾರೂ ಬಂದಿಲ್ವಲ್ಲ," ಎಂದರು.

ಮನೆಗೆ ಬಿಡಲು ಹೋದಾಗ ಲಕ್ಷ್ಮಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಡಾಕ್ಟರಿಗೆ ತೋರಿಸಿಯಾಗಿತ್ತು. ಮರೆವಿನ ಕಾಯಿಲೆ, ತಲೆಯಿಂದ ಹೊಡೆದ ಚೆಂಡುಗಳಿಂದಲೂ ಇರಬಹುದು, ಇಲ್ಲದೆಯೂ ಇರಬಹುದು ಎಂದಿದ್ದರಂತೆ. ನನಗೆ ಹಣೆಯ ಆ ಗುರುತು ನೆನಪಾಗಿ, ಅದನ್ನು ನೋಡಿ ನಕ್ಕದ್ದೂ ನೆನಪಾಯಿತು.

"ಈ ಟೂರ್ನಮೆಂಟ್ ಮುಗಿಯೋ ತನ್ಕ ಕೂರ್ಸಿಕೊಳ್ಳಮ್ಮ," ಎಂದರು ಲಕ್ಷ್ಮಮ್ಮ. "ಆಟ ನೋಡೋವಾಗ ಮಾತ್ರ ಅವ್ರು ಅವ್ರಾಗಿರ್ತಾರೆ. ಮನೇಲಿ ಬೇರೆ ಯಾರೋ ಇದ್ದಂಗಿರುತ್ತೆ, ನಂಗೆ ಭಯ ಆಗುತ್ತೆ. ಆದ್ರೆ ಜನ ನಗಬಾರ್ದು. ಇಷ್ಟು ವರ್ಷ ಮರ್ಯಾದೆಯಾಗಿ ಬದುಕಿದ ಮನುಷ್ಯ. ಅದೊಂದು ನೀನು ನೋಡ್ಕೋ."

ಇಡೀ ಶಿವಮೊಗ್ಗದಲ್ಲಿ ಈ ಕೆಲಸಕ್ಕೆ ನನಗಿಂತ ಅಯೋಗ್ಯರು ಸಿಗುತ್ತಿರಲಿಲ್ಲ. ಆಗಲಿ ಎಂದೆ. ಮನೆಗೆ ಬಂದು ಜ್ವರ ಬಂದವಳಂತೆ ಹೊದ್ದು ಮಲಗಿದೆ.

ಅಲ್ಲಿಂದ ಮುಂದೆ ಪ್ರತಿ ಕಾರ್ಯಕ್ರಮವೂ ನನಗೆ ಕಂಟಕ. ನೇರ ಪ್ರಸಾರ, ಬಾಯಿಂದ ಬಿದ್ದದ್ದು ಬಿದ್ದಹಾಗೆಯೇ ಊರಿಗೆಲ್ಲ ಹೋಗುತ್ತದೆ. ಅವರ ತುಟಿಯನ್ನೇ ನೋಡುತ್ತಾ ಕೂರುತ್ತಿದ್ದೆ. ಮಾತು ತಡವರಿಸಿದರೆ ಆ ಮಾತನ್ನು ನಾನೇ ಆಡುತ್ತಿದ್ದೆ, ಹೆಸರು ಮರೆತರೆ ಪ್ರಶ್ನೆಯೊಳಗೆ ಹೆಸರು ಸೇರಿಸಿ ಕೇಳುತ್ತಿದ್ದೆ. ನೋಡುವವರಿಗೆ ಈ ಹೆಂಗಸು ಈ ವರ್ಷ ಬಹಳ ಮಾತಾಡುತ್ತಾಳೆ, ಪಾಪ ಹಿರಿಯರಿಗೆ ಬಾಯಿ ಬಿಡಲು ಕೊಡುವುದಿಲ್ಲ ಎನಿಸಿತು. ಹಾಗೆಂದು ಚಾನೆಲ್ಲಿಗೆ ಫೋನು ಮಾಡಿ ಬೈದರು. ಬೈಯಲಿ ಎಂದು ಸುಮ್ಮನಿದ್ದೆ. ಪಕ್ಕದ ಕುರ್ಚಿಯಲ್ಲಿ ಅವರ ಕತ್ತು ಮಾತ್ರ ಒಂದೇ ಒಂದು ಸಲವೂ ಎಡಕ್ಕೆ ತಿರುಗುತ್ತಿರಲಿಲ್ಲ. ಅವರ ಬದಲಿಗೆ ನಾನೇ ಆಗಾಗ ಪರದೆಯತ್ತ ತಿರುಗಿ ನೋಡುತ್ತಿದ್ದೆ.

ಫೈನಲ್ ದಿನ ಮೊದಲರ್ಧ ಚೆನ್ನಾಗಿಯೇ ಕಳೆಯಿತು. ಮೂರ್ನಾಲ್ಕು ಮಾತು ಹಳೆಯ ಖದರಿನಲ್ಲೇ ಆಡಿದರು. ಆಟದ ಕೊನೆಗೆ, ಇನ್ನೇನು ದಾಟಿದೆವು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವರು ವಾಕ್ಯದ ನಡುವೆ ನಿಂತರು. ಟೀವಿಯಲ್ಲಿ ನಮ್ಮೂರಿನ ತಂಡದ ಆಟಗಾರರೆಲ್ಲ ಒಂದೇ ಕಡೆ ನುಗ್ಗುತ್ತಿದ್ದರು. ಅವರು ಮುಂದಕ್ಕೆ ಬಾಗಿ ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸ್ಪಷ್ಟವಾಗಿ, ಮೈಕಿನಲ್ಲೇ ಕೇಳಿದರು: "ನಮ್ದು ಯಾವ ಗೋಲು?"

ಯಜಮಾನರ ಮುಖ ಬಿಳಿಚಿತು. ಅವರ ಕಣ್ಣಿನಲ್ಲಿ ತಮಾಷೆ ಇರಲಿಲ್ಲ, ಅವರಿಗೆ ಉತ್ತರ ಬೇಕಿತ್ತು. ಊರೆಲ್ಲ ನೋಡುತ್ತಿದೆ, ಈಗ ನಗುತ್ತದೆ ಎಂದು ಗೊತ್ತಿತ್ತು. ಸಕ್ರೆಬೈಲಿನಲ್ಲಿ ಬಾರದ ದನಿ ಅದು ಹೇಗೋ ಬಂತು.

"ಕೇಳಿದಿರಾ ವೀಕ್ಷಕರೇ?" ಎಂದೆ. "ಎಲ್ಲರೂ ಮುಂದಕ್ಕೆ ಓಡಿದ್ದಾರೆ. ನಮ್ಮ ಗೋಲು ಯಾವುದು ಎಂದು ಈ ಬ್ಯಾಕ್‌ಗಳು ಮರೆತೇಬಿಟ್ಟಿದ್ದಾರಾ ಎಂದು ಬಸಪ್ಪ ಸರ್ ಕೇಳುತ್ತಿದ್ದಾರೆ."

ನಾನು ಬಾಯಿಗೆ ಬಂದದ್ದನ್ನು ಹೇಳಿದ್ದೆ. ದೇವರು ದೊಡ್ಡವನು, ಅದೇ ಗಳಿಗೆಯಲ್ಲಿ ಚೆಂಡು ಎದುರಾಳಿಗೆ ಸಿಕ್ಕಿ, ಖಾಲಿ ಬಿದ್ದಿದ್ದ ಹಿಂಭಾಗದಲ್ಲಿ ಅವನೊಬ್ಬನೇ ಓಡಿಹೋಗಿ ಗೋಲು ಹೊಡೆದ. ಕಪ್ ನಮ್ಮೂರಿನ ಕೈತಪ್ಪಿತು. ಊರೆಲ್ಲ ಅದೇ ಮಾತಾಯಿತು: ಬಸಪ್ಪನವರು ಮೊದಲೇ ಕೇಳಿದರಲ್ಲ, ಎಂಥಾ ಪ್ರಶ್ನೆ, ಎಂಥಾ ಕಣ್ಣು! ಚಾನೆಲ್ಲಿಗೆ ಬಂದ ಹೊಗಳಿಕೆಯ ಫೋನುಗಳಿಗೆ ಉತ್ತರಿಸಿ ಯಜಮಾನರ ಗಂಟಲು ಕಟ್ಟಿತು.

ಎಲ್ಲ ಮುಗಿದ ಮೇಲೆ ಮೆಟ್ಟಿಲಿಳಿಯುವಾಗ ಬಸಪ್ಪ ಸರ್ ನನ್ನ ಮುಂಗೈ ಹಿಡಿದುಕೊಂಡರು.

"ಮಾರಾಯ್ತಿ, ನಾನು ನಿಜವಾಗ್ಲೂ ಕೇಳಿದ್ದು."

"ಗೊತ್ತು ಸರ್."

"ಚೆನ್ನಾಗಿ ಕವರ್ ಮಾಡ್ದೆ. ನೀನು ಬ್ಯಾಕ್ ಆಡ್ಬೋದು." ಎರಡು ಮೆಟ್ಟಿಲು ಇಳಿದು ನಿಂತರು. "ಭಯ ಆಯ್ತಾ?"

"ಜೀವ ಹೋಯ್ತು ಸರ್."

"ನಂಗೆ ಆಗ್ಲಿಲ್ಲ," ಎಂದರು. "ಸ್ವಲ್ಪಾನೂ ಆಗ್ಲಿಲ್ಲ. ಈಗ ಅದಕ್ಕೇ ಭಯ ಆಗ್ತಿದೆ."

ಇಬ್ಬರೂ ಕೈ ಬಿಡದೆ ಕೆಳಗಿಳಿದೆವು. ಆಮೇಲೆ ಅವರು ಸ್ಟುಡಿಯೋಗೆ ಬರಲಿಲ್ಲ. ಮಾರನೆಯ ವರ್ಷ ನನ್ನ ಪಕ್ಕದಲ್ಲಿ ಬೇರೆಯವರು ಕೂತರು, ಎರಡು ಕಣ್ಣನ್ನೂ ಕ್ಯಾಮೆರಾದಲ್ಲೇ ನೆಟ್ಟುಕೊಂಡು ಮಾತಾಡಿದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಕಾಗದನಗರದ ಅವರ ಮನೆಯಲ್ಲಿ, ಅವರು ತೀರಿಹೋಗುವುದಕ್ಕೆ ಕೆಲವು ತಿಂಗಳ ಮುಂಚೆ. ಅಕ್ಕಪಕ್ಕದ ಕ್ವಾರ್ಟರ್ಸುಗಳಿಗೆ ಬೀಗ ಬಿದ್ದಿತ್ತು, ಗೋಡೆಗಳ ಮೇಲೆ ಬಳ್ಳಿ ಹಬ್ಬಿತ್ತು. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸಿದ್ದರು. ಬೆನ್ನು ರಸ್ತೆಗಿತ್ತು. ಗೇಟು ತೆರೆದೇ ಇತ್ತು. ಅವರು ಹಾಗೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಗೇಟಿನ ಹತ್ತಿರವೇ ನಿಂತುಬಿಟ್ಟೆ. ಸರ್ ಎಂದೆ. ಮತ್ತೆ, ಬಸಪ್ಪ ಸರ್ ಎಂದೆ. ಆ ಕತ್ತು ಅಲ್ಲಾಡಲಿಲ್ಲ.

ಲಕ್ಷ್ಮಮ್ಮ ತರಕಾರಿ ಚೀಲ ಹಿಡಿದು ನನ್ನ ಹಿಂದಿನಿಂದ ಬಂದರು.

"ಹೆಸರು ಹಿಡಿದು ಕರೆದ್ರೆ ತಿರುಗಲ್ಲಮ್ಮ. ಆ ಹೆಸರು ಯಾರ್ದೋ ಅಂದ್ಕೊಂಡಿದ್ದಾರೆ." ಚೀಲ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. "ಇನ್ನೊಂದು ಕರೆಯೋದಿದೆ. ದಿನಕ್ಕೆ ಒಂದೇ ಸಲ ಕರೀತೀನಿ. ಎರಡನೇ ಸಲಕ್ಕೆ ಧೈರ್ಯ ಇಲ್ಲ. ಎಲ್ಲಿ ತಿರುಗ್ದೇ ಹೋಗ್ತಾರೋ ಅಂತ. ಇವತ್ತಿಂದು ಇನ್ನೂ ಕರೆದಿಲ್ಲ. ನೀನು ಬಂದಿದ್ದೀಯಲ್ಲ, ನೋಡು."

ಬೇಡ ಎನ್ನಬೇಕೆನಿಸಿತು. ತಿರುಗದಿದ್ದರೆ ನನ್ನೆದುರಿಗೇ ತಿರುಗದಂತಾಗುತ್ತದಲ್ಲ. ಅಷ್ಟರಲ್ಲಿ ಆ ಮುದುಕಿ ಸೊಂಟದ ಮೇಲೆ ಕೈಯಿಟ್ಟು, ಮೈದಾನದ ಗೋಲಿಯಂತೆ ಕೂಗಿದರು.

"ಆಳು!"

ಏನೂ ಆಗಲಿಲ್ಲ. ನಾನು ಲಕ್ಷ್ಮಮ್ಮನವರ ಕೈ ಹಿಡಿದುಕೊಂಡೆ. ಆಮೇಲೆ ಆ ಕತ್ತು ನಿಧಾನವಾಗಿ ಎಡ ಹೆಗಲ ಮೇಲಿಂದ ತಿರುಗಿತು. ಕಣ್ಣು ಹಳೆಯದೇ, ಹೆದರಿದ್ದು, ಚುರುಕಾದದ್ದು. ಅದು ರಸ್ತೆ ನೋಡಿತು, ಗೇಟು ನೋಡಿತು. ನನ್ನನ್ನು ನೋಡಿ, ಗುರುತಿಲ್ಲದೆ, ದಾಟಿ ಮುಂದೆ ಹೋಯಿತು. ಲಕ್ಷ್ಮಮ್ಮನವರ ಮೇಲೆ ಬಂದು ನಿಂತಾಗ ಮುಖದಲ್ಲಿದ್ದ ಹೆದರಿಕೆ ಇಳಿಯಿತು.

"ಆಳಲ್ಲ," ಎಂದರು ಬಸಪ್ಪ ಸರ್, ತಮಗೆ ತಾವೇ ಎಂಬಂತೆ. "ಆಲು."

ಮತ್ತೆ ಮುಂದಕ್ಕೆ ತಿರುಗಿ ಬಿಸಿಲಿಗೆ ಮುಖ ಕೊಟ್ಟು ಕೂತರು.